ತಡ ಮಾಡಿದವರು ಯಾರು?

ತಡವಾಗಿ ತಲುಪಿದ ಸುದ್ದಿಯೆಲ್ಲ ತಡವಾಗಿ ನಡೆದದ್ದಲ್ಲ. ಇಷ್ಟು ಸಣ್ಣ ಮಾತು ನಮ್ಮ ಕಚೇರಿಗಳಲ್ಲಿ ಕುಳಿತವರಿಗೆ ಏಕೆ ತಿಳಿಯುವುದಿಲ್ಲ ಎಂಬುದೇ ನನ್ನ ತಕರಾರು. ಹಿಂದೆ ಅಂಚೆಯಲ್ಲಿ ಬರುತ್ತಿದ್ದ ಕಾಗದವನ್ನು ನೆನಪಿಸಿಕೊಳ್ಳಿ. ಅದರ ಮೇಲೆ ಎರಡು ಮುದ್ರೆ ಇರುತ್ತಿದ್ದವು: ಹಾಕಿದ ಊರಿನದೊಂದು, ತಲುಪಿದ ಊರಿನದೊಂದು. ಕಾಗದ ಎಂಟು ದಿನ ತಡವಾದರೆ ಎರಡನ್ನೂ ನೋಡಿ ಅಂಚೆಯವರನ್ನು ಕೇಳುತ್ತಿದ್ದೆವು. ಬರೆದ ತಾಯಿಯನ್ನು ಯಾರೂ ಬೈಯುತ್ತಿರಲಿಲ್ಲ.

ಈಗ ಕಂಪ್ಯೂಟರಿನ ಕಾಲ. ಪ್ರತಿ ಯಂತ್ರವೂ ತಾನು ಮಾಡಿದ್ದನ್ನು ಸಾಲುಸಾಲಾಗಿ ಬರೆದಿಡುತ್ತದೆ. ಇದಕ್ಕೆ ಲಾಗ್ ಎನ್ನುತ್ತಾರೆ. ಯಂತ್ರದ ದಿನಚರಿ ಎಂದುಕೊಳ್ಳಿ. ನೂರಾರು ಯಂತ್ರಗಳ ದಿನಚರಿಯನ್ನು ಒಂದೆಡೆ ಕೂಡಿಸುವುದು ಕೇಂದ್ರ ಸರ್ವರ್. ನಾವು ಶಾಲೆಯಲ್ಲಿ ಹೆಬ್ಬೆಟ್ಟೊತ್ತುವ ಹಾಜರಿಯ ಕಥೆಯೂ ಇಷ್ಟೇ.

ಒಮ್ಮೆ ನಮ್ಮ ಶಾಲೆಯ ನಾಲ್ವರು ಶಿಕ್ಷಕಿಯರಿಗೆ ನೋಟೀಸು ಬಂತು. 9.40ರ ಸುಮಾರಿಗೆ ಹೆಬ್ಬೆಟ್ಟು ಒತ್ತಿ, ಪ್ರಾರ್ಥನೆ ಮುಗಿಸಿ, ಪಾಠಕ್ಕೆ ಹೋಗಿದ್ದೆವು. ಮೇಲಿನ ಪಟ್ಟಿಯಲ್ಲಿ ನಾಲ್ವರ ಹೆಸರಿನ ಮುಂದೆಯೂ 11.10! ನಾಲ್ಕು ದಿಕ್ಕಿನಿಂದ ಬರುವ ನಾಲ್ಕು ಹೆಂಗಸರು ಒಂದೇ ನಿಮಿಷಕ್ಕೆ ಹೇಗೆ ಬಂದಾರು ಎಂದು ನೋಟೀಸಿಗೆ ಸಹಿ ಹಾಕಿದವರಿಗೆ ಅನ್ನಿಸಲೇ ಇಲ್ಲ. ಆ ಬೆಳಿಗ್ಗೆ ನಮ್ಮೂರಿನಲ್ಲಿ ನೆಟ್‌ವರ್ಕ್ ಇರಲಿಲ್ಲ. ಯಂತ್ರ ನಮ್ಮ ಹಾಜರಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು, ನೆಟ್‌ವರ್ಕ್ ಬಂದಾಗ ಒಟ್ಟಿಗೆ ಕಳಿಸಿತ್ತು. ಕಾರಣ ಕೊಡಬೇಕಾದವರು ಮಾತ್ರ ನಾವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ!

ಬೆಂಗಳೂರಿನಲ್ಲಿ ಇಂಥ ಸರ್ವರುಗಳನ್ನೇ ನೋಡಿಕೊಳ್ಳುವ ತಂಗಿಯ ಮಗಳನ್ನು ಕೇಳಿದೆ. "ದೊಡ್ಡಮ್ಮ, ಇದು ನಮಗೆ ದಿನಾ ಇದ್ದದ್ದೇ. ಮೊದಲು ಯಾರನ್ನೂ ಬೈಯಲ್ಲ. ನಡೆದ ಟೈಮು, ತಲುಪಿದ ಟೈಮು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡ್ತೀವಿ" ಎಂದಳು.

ಅವಳು ಹೇಳಿದ್ದು ಅಡುಗೆಯ ಲೆಕ್ಕದಷ್ಟೇ ಸರಳ. ಅಂತರ ಯಾವಾಗಲೂ ಸರಿಯಾಗಿ 5 ಗಂಟೆ 30 ನಿಮಿಷವಿದ್ದರೆ ಅದು ತಡವೇ ಅಲ್ಲ. ಒಂದು ಯಂತ್ರ ಭಾರತದ ಸಮಯ ಹೇಳುತ್ತಿದೆ, ಇನ್ನೊಂದು ಜಾಗತಿಕ ಸಮಯ ಹೇಳುತ್ತಿದೆ. ಅಂತರ ಹೊತ್ತೇರಿದಂತೆ ಬೆಳೆಯುತ್ತಿದ್ದರೆ ಸರ್ವರಿಗೆ ಬರೆದು ಪೂರೈಸಲಾಗುತ್ತಿಲ್ಲ, ಸಾಲು ಉದ್ದವಾಗುತ್ತಿದೆ. ಕೆಲವು ಸರ್ವರುಗಳು ಬರೆದುಕೊಳ್ಳುವ ಮುನ್ನ ಕಳಿಸಿದ ಯಂತ್ರದ ಹೆಸರೇನೆಂದು ಬೇರೊಂದು ಸರ್ವರನ್ನು ವಿಚಾರಿಸುತ್ತವೆ. ಅದು ಉತ್ತರಿಸದಿದ್ದರೆ ಸಾಮಾನ್ಯವಾಗಿ ಪ್ರತಿ ಸಲ 5 ಸೆಕೆಂಡು ಕಾಯುತ್ತವೆ. ಬಾಗಿಲಲ್ಲಿ ಒಬ್ಬನ ವಿಳಾಸ ಕೇಳುತ್ತ ನಿಂತರೆ ಹಿಂದಿನವರೆಲ್ಲ ಬಿಸಿಲಲ್ಲಿ! ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬುದು ಇದಕ್ಕೇ. ಹಾಗೆಂದು ನಡೆದ ಗಂಟೆಯನ್ನಷ್ಟೇ ನಂಬುವಂತೆಯೂ ಇಲ್ಲ. ಕಳಿಸಿದ ಯಂತ್ರದ ಗಡಿಯಾರವೇ ತಪ್ಪಿರಬಹುದು. ಅದಕ್ಕೇ ಎರಡೂ ಬೇಕು.

ಬಲ್ಲವರಿಗೆ ಇದು ಹೊಸದಲ್ಲ. ಸಿಸ್‌ಲಾಗ್ ಎಂಬ ಪದ್ಧತಿಯನ್ನು ವಿವರಿಸಿದ 2001ರ ದಾಖಲೆಯಲ್ಲಿ ಸಂದೇಶದ ಸಮಯಕ್ಕೆ ವರ್ಷವೂ ಇರಲಿಲ್ಲ, ಯಾವ ದೇಶದ ಗಂಟೆ ಎಂಬುದೂ ಇರಲಿಲ್ಲ. 2009ರ ನಿಯಮ ಎರಡಕ್ಕೂ ಜಾಗ ಮಾಡಿತು. ನಮ್ಮ ದೇಶದ ಸೈಬರ್ ಸುರಕ್ಷತೆ ನೋಡಿಕೊಳ್ಳುವ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ನಿರ್ದೇಶನ ಹೊರಡಿಸಿ, ಲಾಗುಗಳನ್ನು 180 ದಿನ ಇಡಬೇಕು, ಗಡಿಯಾರಗಳನ್ನು ರಾಷ್ಟ್ರೀಯ ಸಮಯಕ್ಕೆ ಹೊಂದಿಸಬೇಕು ಎಂದಿತು. ಕಂಪನಿಗಳಿಗಷ್ಟೇ ಅಲ್ಲ, ಸರ್ಕಾರಿ ಸಂಸ್ಥೆಗಳಿಗೂ ಇದು ಅನ್ವಯ. ಗಡಿಯಾರ ಸರಿಪಡಿಸುವ ಹೊಣೆ ವ್ಯವಸ್ಥೆ ನಡೆಸುವವರದು, ಹೆಬ್ಬೆಟ್ಟು ಒತ್ತುವವರದಲ್ಲ.

"ತಡವಾಗಿ ಬರುವ ಮೇಷ್ಟ್ರುಗಳು ಇಲ್ಲವೇ?" ಎಂದು ಕೇಳುವವರಿದ್ದಾರೆ. ಇದ್ದಾರೆ, ಧಾರಾಳವಾಗಿ ಇದ್ದಾರೆ. ಅವರನ್ನು ಹಿಡಿಯುವುದಕ್ಕೂ ನಡೆದ ಗಂಟೆಯೇ ಬೇಕಲ್ಲವೇ? ತಲುಪಿದ ಗಂಟೆಯೊಂದನ್ನೇ ಹಿಡಿದರೆ ಕಳ್ಳರೂ ಸಾಚಾಗಳೂ ಒಂದೇ ಪಟ್ಟಿಯಲ್ಲಿ ಸೇರುತ್ತಾರೆ. ನಿಜವಾಗಿ ತಡಮಾಡಿದವನು "ಸರ್ವರ್ ತಪ್ಪು" ಎಂದು ಜಾರಿಕೊಳ್ಳುತ್ತಾನೆ. "ಅಷ್ಟು ಯಂತ್ರಗಳನ್ನು ಪರೀಕ್ಷಿಸಲು ಪುರುಸೊತ್ತೆಲ್ಲಿ?" ಎನ್ನುವವರಿಗೆ ನೋಟೀಸು ಬರೆಯಲು ಮಾತ್ರ ಪುರುಸೊತ್ತು ಎಲ್ಲಿಂದ ಬಂತು?

ಇದು ನಮ್ಮಂಥ ಶಿಕ್ಷಕಿಯರ ಪಾಡು ಮಾತ್ರವಲ್ಲ. ಕೊನೆಯ ದಿನ ಬಿಲ್ಲು ಕಟ್ಟಿ ಮರುದಿನ ದಂಡ ತೆತ್ತವರು, ಗಡುವಿನೊಳಗೆ ಅರ್ಜಿ ಹಾಕಿಯೂ "ತಡವಾಗಿದೆ" ಎನ್ನಿಸಿಕೊಂಡವರು ನಿಮ್ಮ ಬೀದಿಯಲ್ಲೂ ಇರಬಹುದು. ಹೆಣ್ಣುಮಕ್ಕಳು "ಕಂಪ್ಯೂಟರ್ ಹೇಳಿದ ಮೇಲೆ ಮುಗೀತು" ಎಂದು ಬೇಗ ತಲೆತಗ್ಗಿಸುತ್ತೇವೆ. ತಗ್ಗಿಸಬೇಡಿ. "ಇದು ನಡೆದ ಗಂಟೆಯೋ, ನಿಮಗೆ ತಲುಪಿದ ಗಂಟೆಯೋ? ಎರಡನ್ನೂ ಬರೆದುಕೊಡಿ" ಎಂದು ಕೇಳಿ. ಕೊಡುವವರೆಗೂ ಕಿಟಕಿಯ ಮುಂದಿನಿಂದ ಕದಲಬೇಡಿ.