ಗಾಡಿ ಏರುವ ಕಾಲಿಗೊಂದು ಬೂಟು

ಕಳೆದ ಮಳೆಗಾಲದಲ್ಲಿ ನನ್ನ ವಿದ್ಯಾರ್ಥಿಯೊಬ್ಬನು ಇದ್ದಕ್ಕಿದ್ದಂತೆ ತರಗತಿಗೆ ಬರುವುದನ್ನು ನಿಲ್ಲಿಸಿದನು. ಇಂಡಿ ತಾಲ್ಲೂಕಿನ ತಾಂಬಾದ ಹುಡುಗ. ಹಳಗನ್ನಡ ಪದ್ಯವನ್ನು ಮುಖವರಳಿಸಿ ಓದುವವನು. ಒಂದು ದಿನವೂ ತಪ್ಪಿಸಿಕೊಂಡವನಲ್ಲ. ವಾರ ಕಳೆದ ಮೇಲೆ ನಾನೇ ಅವನ ಮನೆಗೆ ಹೋದೆನು. ಎಡಗಾಲಿಗೆ ಪ್ಲಾಸ್ಟರು ಹಾಕಿಸಿಕೊಂಡು ಪಡಸಾಲೆಯಲ್ಲಿ ಮಲಗಿದ್ದನು. ನನ್ನನ್ನು ಕಂಡೊಡನೆ ಎದ್ದು ಕೂಡಲು ಹೆಣಗುತ್ತ, "ಗಾಡಿಗೆ ಏನೂ ಆಗಿಲ್ರಿ ಸರ, ಕಾಲಿಗಷ್ಟ ಆಗೇದ" ಎಂದನು. ಸಾಲ ತೆಗೆದು ಕೊಂಡ ಗಾಡಿ. ಅವನ ಮನೆಯವರಿಗೂ ಅದೊಂದು ಸಮಾಧಾನದ ಸಂಗತಿಯೇ ಆಗಿತ್ತು.

ನಡೆದದ್ದು ತೀರ ಸಾಮಾನ್ಯ. ಆ ಸೀಮೆಯದು ಎರೆಯ ನೆಲ. ಮಳೆಯಾದ ಮೇಲೆ ಹೊಲದಿಂದ ಬರುವ ಟ್ರ್ಯಾಕ್ಟರಿನ ಗಾಲಿಗಳು ಕರಿಮಣ್ಣನ್ನು ಡಾಂಬರಿನ ಮೇಲೆ ಹೊತ್ತು ತರುತ್ತವೆ. ತಿರುವಿನಲ್ಲಿ ಅದು ಬೆಣ್ಣೆ ಸವರಿದಂತೆ. ಹುಡುಗನ ವೇಗ ಸೈಕಲ್ಲಿನದಕ್ಕಿಂತ ಹೆಚ್ಚಿರಲಿಲ್ಲ. ಗಾಡಿ ಎಡಕ್ಕೆ ಮಲಗಿತು. ನೂರು ಕಿಲೋ ಮೀರಿದ ಆ ಭಾರಕ್ಕೂ ರಸ್ತೆಗೂ ನಡುವೆ ಕಾಲು ಸಿಕ್ಕಿತು. ತಲೆಯ ಮೇಲಿನ ಹೆಲ್ಮೆಟ್ಟಿಗೆ ಒಂದು ಗೀರೂ ಬೀಳಲಿಲ್ಲ. ಕಾಲಲ್ಲಿದ್ದ ರಬ್ಬರಿನ ಚಪ್ಪಲಿ ಮಾತ್ರ ಮೊದಲ ಪೆಟ್ಟಿಗೇ ಹಾರಿ ತೊಗರಿಯ ಹೊಲವನ್ನು ಸೇರಿತ್ತು. ಹೊರಗಿನ ಹರಡಿನ ಮೂಳೆ ಮುರಿಯಿತು. ಈಗ ಅವನು ನಡೆಯುತ್ತಾನೆ. ಆದರೆ ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಉಣ್ಣಲು ಕೂಡಲಾರ. ಮದುವೆಯ ಮನೆಯಲ್ಲಿ ಮುದುಕರೊಡನೆ ಕುರ್ಚಿಯಲ್ಲಿ ಕುಳಿತು ಉಣ್ಣುವುದು ಇಪ್ಪತ್ತರ ಹುಡುಗನಿಗೆ ಎಷ್ಟು ಸಂಕೋಚವೆಂಬುದನ್ನು ಅವನ ಮುಖವೇ ಹೇಳುತ್ತದೆ.

ನಮ್ಮ ಕಾನೂನು ಕೂಡ ತಲೆಯನ್ನು ಕಂಡಷ್ಟು ಕಾಲನ್ನು ಕಂಡಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 129ನೆಯ ಕಲಮು ಶಿರಸ್ತ್ರಾಣವನ್ನು ಕಡ್ಡಾಯ ಮಾಡಿತು. ಹಿಂದೆ ಕೂರುವವರ ಸೀರೆಯ ಸೆರಗು ಚಕ್ರಕ್ಕೆ ಸಿಕ್ಕದಂತೆ ಅರ್ಧ ಚಕ್ರವನ್ನಾದರೂ ಮುಚ್ಚಬೇಕೆಂಬ ನಿಯಮವೂ ಉಂಟು. ಪಾದದ ಪ್ರಸ್ತಾಪವಿಲ್ಲ. 2019ರಲ್ಲಿ ದಂಡಗಳು ಏರಿದಾಗ, ಚಪ್ಪಲಿ ಮೆಟ್ಟಿ ಗಾಡಿ ಓಡಿಸಿದರೂ ದಂಡವೆಂಬ ಸುದ್ದಿ ಹಬ್ಬಿತು. ಅಂಥ ನಿಯಮವಿಲ್ಲವೆಂದು ಕೇಂದ್ರ ಸಾರಿಗೆ ಸಚಿವರ ಕಚೇರಿಯೇ ಸ್ಪಷ್ಟಪಡಿಸಬೇಕಾಯಿತು. ಜನ ನಿಟ್ಟುಸಿರು ಬಿಟ್ಟು ಚಪ್ಪಲಿಯಲ್ಲೇ ಮುಂದುವರಿದರು.

ಜನರನ್ನು ಹಳಿಯುವುದು ಸುಲಭ. ಆದರೆ ಊರ ಕಡೆ ಗಾಡಿ ಏರುವವನು ಬೆಳಗಿನಿಂದ ಬೈಗಿನವರೆಗೆ ಎಷ್ಟು ಹೊಸ್ತಿಲು ದಾಟುತ್ತಾನೆಂಬುದನ್ನು ಓದುಗರು ಒಮ್ಮೆ ಎಣಿಸಿ ನೋಡಬೇಕು. ಹಾಲು ಹಾಕುವ ಮನೆ, ಗುಡಿ, ಮಠ, ಬೀಗರ ಪಡಸಾಲೆ - ಎಲ್ಲೆಡೆಯೂ ಕಾಲ್ಮರಿ ಹೊರಗೇ. ಐದು ನಿಮಿಷ ದಾರ ಬಿಗಿದು, ಐದು ನಿಮಿಷ ಬಿಚ್ಚಬೇಕಾದ ಬೂಟು ಎಷ್ಟೇ ಬೆಲೆಯದಾಗಲಿ, ಮೂರನೆಯ ದಿನ ಮಂಚದ ಕೆಳಗೆ ಸೇರುತ್ತದೆ. ನಾನೇ ಅಂಥದೊಂದನ್ನು ಕೊಂಡು, ಅದರಲ್ಲಿ ಇಲಿ ಮರಿಹಾಕಿದ್ದನ್ನು ಕಂಡವನು. ಆದುದರಿಂದ ನನ್ನ ಆಯ್ಕೆ ಬೂಟಿನ ಗಟ್ಟಿತನದಿಂದಲ್ಲ, ಅದನ್ನು ಕಳಚುವ ಬಗೆಯಿಂದ ಮೊದಲಾಗುತ್ತದೆ. ಒಳಮಗ್ಗುಲಿಗೆ ಜಿಪ್ಪು, ಅದರ ಮೇಲೆ ಮುಚ್ಚುವ ಪಟ್ಟಿ - ಇಷ್ಟಿದ್ದರೆ ನಿಂತಲ್ಲೇ ಕಳಚಬಹುದು. ಇಷ್ಟಾಗಿಯೂ ಚೀಲದಲ್ಲಿ ಒಂದು ಜೊತೆ ಚಪ್ಪಲಿ ಇಟ್ಟುಕೊಳ್ಳುತ್ತೇನೆ. ಗಾಡಿಯ ಮೇಲೆ ಬೂಟು, ಊರೊಳಗೆ ಚಪ್ಪಲಿ.

ದಾರದ ಬೂಟಿಗೆ ಇನ್ನೊಂದು ದೋಷವುಂಟು. ಸಡಿಲಾದ ಗಂಟು ಗೇರಿನ ಸನ್ನೆಗೆ ಸಿಕ್ಕಿಕೊಂಡರೆ, ಗಾಡಿ ನಿಂತಾಗ ಕಾಲು ನೆಲಕ್ಕೆ ಬರುವುದಿಲ್ಲ. ಸವಾರನು ನಿಂತ ಗಾಡಿಯೊಡನೆ ಮರ ಉರುಳಿದಂತೆ ಉರುಳುತ್ತಾನೆ.

ಇನ್ನು ರಕ್ಷಣೆಯ ಮಾತು. ಒಂದು ಪಾದದಲ್ಲಿ 26 ಮೂಳೆಗಳು. ಹರಡಿನ ಎರಡು ಗುಬ್ಬಿಗಳ ಮೇಲಂತೂ ಚರ್ಮವಲ್ಲದೆ ಬೇರೆ ಹೊದಿಕೆಯಿಲ್ಲ. ಬೂಟು ಆ ಗುಬ್ಬಿಗಳನ್ನು ದಾಟಿ ನಾಲ್ಕು ಬೆರಳು ಮೇಲೆ ಬರಬೇಕು. ಗುಬ್ಬಿಗಳಿರುವಲ್ಲಿ ಒಳಗೆ ಗಟ್ಟಿಯಾದ ಬಟ್ಟಲು ಇರಬೇಕು. ಅಂಗಡಿಯಲ್ಲಿ ಹೆಬ್ಬೆರಳಿನಿಂದ ಒತ್ತಿ ನೋಡಿ. ಅನಂತರ ಹಿಮ್ಮಡಿಯನ್ನೂ ಮೂತಿಯನ್ನೂ ಹಿಡಿದು ತಿರುಚಿ ನೋಡಿ: ಒದ್ದೆ ಧೋತರ ಹಿಂಡಿದಂತೆ ತಿರುಚಿಕೊಂಡರೆ ಅಲ್ಲಿಯೇ ಬಿಟ್ಟು ಬನ್ನಿ. ಅಟ್ಟೆಯನ್ನು ಎರಡೂ ಮಗ್ಗುಲಿನಿಂದ ಅದುಮಿದಾಗಲೂ ಅದು ಮಡಿಚಿಕೊಳ್ಳಬಾರದು. ಗಾಡಿ ಮೇಲೆ ಬಿದ್ದಾಗ ಪಾದವನ್ನು ಕಾಯುವುದು ಆ ಬಿಗುವೇ. ಯುರೋಪಿನವರು ಸವಾರರ ಬೂಟಿಗೆಂದೇ ಇಎನ್ 13634 ಎಂಬ ಮಾನಕವನ್ನು ಮಾಡಿದ್ದಾರೆ. ಎತ್ತರ, ರಸ್ತೆಗೆ ಉಜ್ಜಿದಾಗಿನ ತಾಳಿಕೆ, ಕತ್ತರಿಸುವ ಪೆಟ್ಟಿಗೆ ತಾಳಿಕೆ, ಅಡ್ಡಬಿಗುವು - ಪ್ರತಿಯೊಂದಕ್ಕೂ 1 ಅಥವಾ 2 ಎಂಬ ಅಂಕ. ಒಳಗಿನ ಚೀಟಿಯಲ್ಲಿ ಸವಾರನ ಚಿತ್ರ, ಕೆಳಗೆ ನಾಲ್ಕು ಅಂಕಿಗಳು. ಬೆಲೆ ನೋಡಿ ಎದೆ ಝಲ್ಲೆಂದರೆ, ಕಾರ್ಖಾನೆಯ ಕೆಲಸಗಾರರು ಮೆಟ್ಟುವ, ಹರಡು ಮುಚ್ಚುವ ಸೇಫ್ಟಿ ಬೂಟು ಎಷ್ಟೋ ವಾಸಿ. ಅದರ ಉಕ್ಕಿನ ಮೂತಿ ದಪ್ಪ. ಗೇರಿನ ಸನ್ನೆಯ ಕೆಳಗೆ ನುಸುಳದು. ಮೆಕ್ಯಾನಿಕ್ಕನಿಗೆ ಹೇಳಿದರೆ ಸನ್ನೆಯನ್ನು ಒಂದು ಹಲ್ಲು ಮೇಲಕ್ಕೆ ಕೂಡಿಸಿಕೊಡುತ್ತಾನೆ. ಕ್ಯಾನ್ವಾಸ್ ಬೂಟು ಬೆರಳಿಗಷ್ಟೇ ಆಸರೆ. ಗದ್ದೆಯ ಗಂಬೂಟು ನೀರನ್ನು ತಡೆಯುತ್ತದೆ, ಪೆಟ್ಟನ್ನಲ್ಲ. ನಮ್ಮಂಥ ಮೇಷ್ಟರುಗಳ ದಾರವಿಲ್ಲದ ಕರಿ ಷೂ ಬಿದ್ದಾಗ ಚಪ್ಪಲಿಯ ಹಿಂದೆಯೇ ಹಾರುತ್ತದೆ.

ಸುಖದ ವಿಚಾರದಲ್ಲಿ ಅವಸರ ಸಲ್ಲದು. ಬೂಟನ್ನು ಸಂಜೆ ಕೊಳ್ಳಬೇಕು. ದಿನವೆಲ್ಲ ಓಡಾಡಿದ ಪಾದ ಆಗ ಸ್ವಲ್ಪ ಉಬ್ಬಿರುತ್ತದೆ. ಕಾಲುಚೀಲ ತೊಟ್ಟೇ ಮೆಟ್ಟಬೇಕು. ಅಂಗಡಿಯ ನೆಲಹಾಸಿನ ಮೇಲೆ ನಾಲ್ಕು ಹೆಜ್ಜೆ ಹಾಕಿದರೆ ಸಾಲದು, ಹೊರಗೆ ಬಂದು ತನ್ನದೇ ಗಾಡಿಯ ಮೇಲೆ ಕೂಡಬೇಕು. ಗೇರು ಬೆರಳಿಗೆ ಸಿಕ್ಕುತ್ತದೆಯೆ? ಹಿಂದಿನ ಬ್ರೇಕಿನ ಒತ್ತಡ ಬಲಗಾಲಿಗೆ ತಿಳಿಯುತ್ತದೆಯೆ? ಅಂಗಡಿಯವನು ಗೊಣಗಿದರೆ ಗೊಣಗಲಿ. ನಮ್ಮ ಕಡೆ ಬೇಸಿಗೆಯಲ್ಲಿ ಪಾದರಸ 40 ಡಿಗ್ರಿ ದಾಟುವುದರಿಂದ, ನೀರೊಳಹೋಗದ ಒಳಪದರದ ಬೂಟು ಒಲೆಯಾಗಿಬಿಡುತ್ತದೆ. ಗಾಳಿ ಆಡುವ ತೂತಿನ ತೊಗಲು ಮೇಲು. ಮಳೆಗೆ ಮೇಲೊಂದು ಪ್ಲಾಸ್ಟಿಕ್ ಮುಸುಕು ಸಾಕು. ನೆನೆದ ಬೂಟನ್ನು ಒಲೆಯ ಮುಂದೆ ಇಡಬಾರದು, ತೊಗಲು ಸಿಡಿಯುತ್ತದೆ. ಹಳೆಯ ಪತ್ರಿಕೆ ತುರುಕಿ ನೆರಳಲ್ಲಿಡಬೇಕು. ಈ ವಾರಪತ್ರಿಕೆಯನ್ನೇ ತುರುಕಿದರೂ ಸಂಪಾದಕರು ಕೋಪಿಸಿಕೊಳ್ಳಲಾರರು, ಧಾರಾವಾಹಿಯ ಪುಟವೊಂದನ್ನು ಉಳಿಸಿಕೊಂಡರಾಯಿತು.

ಹಿಂದಿನ ತಲೆಮಾರಿನವರಿಗೆ ಈ ವಿವೇಕ ಗಾಡಿಯೇ ಕಲಿಸುತ್ತಿತ್ತು. 1961ರಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ತಯಾರಿಸತೊಡಗಿದ ಜಾವಾದಲ್ಲಿ ಒದೆಯುವ ಸನ್ನೆಯೇ ಗೇರಿನ ಸನ್ನೆ. ಚಪ್ಪಲಿಗಾಲಿನಲ್ಲಿ ಒದೆದವನ ಮೊಣಕಾಲ ಕೆಳಗೆ ಅದು ತಿರುಗಿ ಬಡಿದರೆ, ಮರುದಿನ ಬೂಟು ತಾನಾಗಿ ಬರುತ್ತಿತ್ತು. ಈಗ ಗುಂಡಿಯೊತ್ತಿದರೆ ಗಾಡಿ ಗುರುಗುಟ್ಟುತ್ತದೆ. ಆ ಗುರು ಇಲ್ಲವಾದನು. ಇನ್ನು ಹಿಂದೆ ಕೂರುವ ಮಡದಿಮಕ್ಕಳ ಕಾಲು? ಒಂದೇ ಮಗ್ಗುಲಿಗೆ ಕುಳಿತ ತಾಯಿಯ ಚಪ್ಪಲಿ ತುದಿಬೆರಳಿನಲ್ಲಿ ತೂಗಾಡುತ್ತಿರುತ್ತದೆ. ನಡುವೆ ಕುಳಿತ ಮಗುವಿನ ಮೀನಖಂಡದ ಮಗ್ಗುಲಲ್ಲೇ ಕಾದ ಸೈಲೆನ್ಸರು. ಮನೆಯ ಯಜಮಾನರು ತಮಗೊಂದು ಬೂಟು ಕೊಳ್ಳುವ ದಿನ ಅತ್ತಲೂ ಕಣ್ಣು ಹಾಯಿಸಬೇಕು.

ಚಪ್ಪಲಿಯನ್ನು ನಾನು ಹೀನೈಸುತ್ತಿಲ್ಲ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಗುರುತು ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಕರ್ನಾಟಕದ ನಾಲ್ಕು ಸೇರಿದವು. ಅವುಗಳಲ್ಲಿ ನಮ್ಮ ವಿಜಯಪುರವೂ ಒಂದು. ಬಸವಣ್ಣನವರು ಹುಟ್ಟಿದ ಬಾಗೇವಾಡಿ ಇದೇ ಜಿಲ್ಲೆಯದು. ತನ್ನ ಮತ್ತು ಮಡದಿ ಕಲ್ಯಾಣಮ್ಮನ ತೊಡೆಯ ಚರ್ಮದಿಂದ ಅವರಿಗೆ ಪಾದರಕ್ಷೆ ಹೊಲಿದ ಸಮಗಾರ ಹರಳಯ್ಯನ ಕಥೆಯನ್ನು ಕೇಳಿ ಬೆಳೆದ ನಾಡಿದು. ಇಲ್ಲಿ ಚಮ್ಮಾರನ ಮುಂದೆ ಕಾಲು ಚಾಚುವಾಗ ಸ್ವಲ್ಪ ಸಂಕೋಚವಿರುವುದು ಒಳ್ಳೆಯದು.

ಮೊನ್ನೆ ಆ ಹುಡುಗನನ್ನು ಕರೆದುಕೊಂಡು ಹೋಗಿ ಜಿಪ್ಪಿನ ಬೂಟು ಕೊಡಿಸಿದೆನು. ಗೇರಿನ ಸನ್ನೆ ಉಜ್ಜಿ ಮೂತಿ ಸವೆಯದಂತೆ ಎಡಬೂಟಿನ ಮೇಲೆ ಒಂದು ತೊಗಲಿನ ತುಂಡು ಹಾಕಿಸಲು ಬಸ್ ನಿಲ್ದಾಣದ ಬಳಿಯ ಚಮ್ಮಾರನಲ್ಲಿಗೆ ಹೋದೆವು. ಆತನು ಬಲಬೂಟಿಗೂ ಕೈ ನೀಡಿದನು. ಅದಕ್ಕೆ ಬೇಡವೆಂದಾಗ, ಹೊಸ ಬೂಟನ್ನು ತಿರುಗಿಸಿ ಮರುಗಿಸಿ ನೋಡಿ, "ಬಲಗಾಲ ಏನ ತಪ್ಪ ಮಾಡೇತ್ರಿ ಸರ?" ಎಂದು ಕೇಳಿದನು. ಗೇರು, ಬ್ರೇಕುಗಳ ಭೇದವನ್ನು ಹುಡುಗನು ವಿವರಿಸತೊಡಗಿದನು. ಚಮ್ಮಾರನು ಕೇಳುತ್ತಲೇ ದಾರಕ್ಕೆ ಮೇಣ ಹಚ್ಚಿದನು.