ಫೈಲ್ ಅಪ್‌ಲೋಡ್ ಆಗುತ್ತಿಲ್ಲವೇ?

ಸಹೋದರಿಯರೇ, ಮಗಳ ವಿದ್ಯಾರ್ಥಿ ವೇತನವಿರಲಿ, ಮಗನ ಕಾಲೇಜು ಪ್ರವೇಶವಿರಲಿ, ಅತ್ತೆ ಮಾವಂದಿರ ಹಜ್ಜ್ ಯಾತ್ರೆಯಿರಲಿ, ಇಂದು ಅರ್ಜಿ ಹಾಕುವುದು ವೆಬ್‌ಸೈಟಿನಲ್ಲೇ. ಹೆಸರು, ವಿಳಾಸ, ಆದಾಯ ಎಲ್ಲವನ್ನೂ ತುಂಬಿಸಿ ಆಗಿರುತ್ತದೆ. ಕೊನೆಗೆ ಫೋಟೋ ಮತ್ತು ದಾಖಲೆಗಳನ್ನು ಅಪ್‌ಲೋಡ್ ಮಾಡುವಲ್ಲಿಗೆ ಬಂದಾಗ ಕೆಂಪು ಅಕ್ಷರದಲ್ಲಿ ಒಂದು ಸಾಲು ಮೂಡುತ್ತದೆ. ಮತ್ತೆ ಪ್ರಯತ್ನಿಸಿದರೂ ಅದೇ ಸಾಲು. “ಸರ್ವರ್ ಡೌನ್ ಇರಬೇಕು, ನಾಳೆ ನೋಡೋಣ” ಎಂದು ಎದ್ದುಬಿಡುತ್ತೇವೆ. ಆ ನಾಳೆ ಬರುವಷ್ಟರಲ್ಲಿ ಕೊನೆಯ ದಿನಾಂಕ ದಾಟಿದರೆ, ಅರ್ಹತೆಯಿದ್ದ ಹುಡುಗಿಯೊಬ್ಬಳಿಗೆ ಒಂದು ವರ್ಷದ ನೆರವು ಕೈತಪ್ಪುತ್ತದೆ.

ಇಂತಹ ತೊಂದರೆಗಳಲ್ಲಿ ಹೆಚ್ಚಿನವು ನಮ್ಮ ಫೈಲಿಗೆ ಸಂಬಂಧಿಸಿದವು. ಮನೆಯಲ್ಲೇ ಕುಳಿತು ಸರಿಪಡಿಸಬಹುದಾದವು. ಮೊದಲು ಆ ಕೆಂಪು ಸಾಲನ್ನು ಪೂರ್ತಿ ಓದಿ. ಕಾರಣ ಅನೇಕ ಸಲ ಅದರಲ್ಲೇ ಇರುತ್ತದೆ.

ಮೊದಲ ಕಾರಣ ಫೈಲಿನ ಗಾತ್ರ. ಇಂದಿನ ಮೊಬೈಲಿನಲ್ಲಿ ತೆಗೆದ ಒಂದು ಫೋಟೋ ಸಾಮಾನ್ಯವಾಗಿ 3ರಿಂದ 5 ಎಂಬಿ ಇರುತ್ತದೆ. ವೆಬ್‌ಸೈಟ್ ಕೇಳುವುದು 200 ಕೆಬಿ, ಕೆಲವೊಮ್ಮೆ 50 ಕೆಬಿ. ಒಂದು ಎಂಬಿ ಎಂದರೆ 1024 ಕೆಬಿ. ಅಂದರೆ 4 ಎಂಬಿಯ ಫೋಟೋವನ್ನು 200 ಕೆಬಿಯ ಜಾಗಕ್ಕೆ ಹಾಕುವುದು, ಒಂದು ಸೇರಿನ ಪಾತ್ರೆಗೆ ಇಪ್ಪತ್ತು ಸೇರು ಅಕ್ಕಿ ಸುರಿದಂತೆ. ಫೋಟೋದಲ್ಲಿ ಬೇಡವಾದ ಗೋಡೆ, ಮೇಜು ಎಲ್ಲವನ್ನೂ ಮೊದಲು ಕತ್ತರಿಸಿ. ನಂತರ ಕಂಪ್ಯೂಟರಿನ ಪೇಂಟ್‌ನಲ್ಲಿ ತೆರೆದು, ರೀಸೈಜ್ ಒತ್ತಿ, ಅಗಲ ಎತ್ತರಗಳನ್ನು ಕಡಿಮೆ ಮಾಡಿ ಜೆಪೆಗ್ ಆಗಿ ಉಳಿಸಿ. ಕಂಪ್ಯೂಟರ್ ಇಲ್ಲದವರು ಆ ಫೋಟೋವನ್ನು ವಾಟ್ಸಾಪ್‌ನಲ್ಲಿ ತಮ್ಮದೇ ನಂಬರಿಗೆ ಕಳುಹಿಸಿಕೊಳ್ಳಬಹುದು. ಫೋಟೋ ಆಗಿ ಕಳುಹಿಸಿದರೆ ಅದು ಕುಗ್ಗುತ್ತದೆ, ಡಾಕ್ಯುಮೆಂಟ್ ಆಗಿ ಕಳುಹಿಸಿದರೆ ಕುಗ್ಗುವುದಿಲ್ಲ. ಕೆಲವು ವೆಬ್‌ಸೈಟ್‌ಗಳಲ್ಲಿ ಕನಿಷ್ಠ ಮಿತಿಯೂ ಇರುತ್ತದೆ. ಆದುದರಿಂದ ತೀರಾ ಕುಗ್ಗಿಸಲೂಬೇಡಿ.

ಸ್ಕ್ಯಾನ್ ಮಾಡಿದ ದಾಖಲೆಗೂ ಇದೇ ಲೆಕ್ಕ. ಎ4 ಹಾಳೆಯನ್ನು 300 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿದರೆ ಸುಮಾರು 87 ಲಕ್ಷ ಚುಕ್ಕೆಗಳಾಗುತ್ತವೆ. 150 ಡಿಪಿಐಯಲ್ಲಾದರೆ ಸುಮಾರು 22 ಲಕ್ಷ, ಅಂದರೆ ಕಾಲು ಭಾಗ ಮಾತ್ರ. ಅಂಕಪಟ್ಟಿ, ಆದಾಯ ಪ್ರಮಾಣಪತ್ರ ಓದಲು ಸಾಮಾನ್ಯವಾಗಿ ಇಷ್ಟೇ ಸಾಕು. ಬಣ್ಣ ಬೇಡವೆಂದಿದ್ದರೆ ಕಪ್ಪು ಬಿಳುಪಿನಲ್ಲೇ ಸ್ಕ್ಯಾನ್ ಮಾಡಿಸಿ.

ಎರಡನೆಯ ಕಾರಣ ಫೈಲಿನ ಬಗೆ. ಅರ್ಜಿಯಲ್ಲಿ ಪಿಡಿಎಫ್ ಕೇಳಿದ್ದರೆ ಫೋಟೋ ನಡೆಯದು. ಫೈಲಿನ ಹೆಸರಿನ ಕೊನೆಯ ಮೂರಕ್ಷರ ಬದಲಿಸಿದ ಮಾತ್ರಕ್ಕೆ ಅದರ ಬಗೆ ಬದಲಾಗುವುದಿಲ್ಲ. ಸಕ್ಕರೆ ಡಬ್ಬಕ್ಕೆ ಉಪ್ಪು ಎಂದು ಚೀಟಿ ಅಂಟಿಸಿದರೆ ಒಳಗಿರುವುದು ಸಕ್ಕರೆಯೇ ಅಲ್ಲವೇ? ಆ ಫೈಲನ್ನು ತೆರೆದು ‘ಸೇವ್ ಆ್ಯಸ್’ ಮೂಲಕ ಬೇಕಾದ ಬಗೆಯಲ್ಲಿ ಉಳಿಸಬೇಕು. ಗಲ್ಫಿನಲ್ಲಿರುವ ಪತಿಯೋ ಸಹೋದರನೋ ಐಫೋನಿನಲ್ಲಿ ತೆಗೆದ ಪಾಸ್‌ಪೋರ್ಟಿನ ಚಿತ್ರ ಅಪ್‌ಲೋಡ್ ಆಗದಿದ್ದರೆ ಇದನ್ನೂ ನೆನಪಿಡಿ. 2017ರಿಂದ ಐಫೋನ್‌ಗಳು ಚಿತ್ರವನ್ನು ಎಚ್‌ಇಐಸಿ ಎಂಬ ಬಗೆಯಲ್ಲಿ ಉಳಿಸುತ್ತಿವೆ. ಅನೇಕ ವೆಬ್‌ಸೈಟ್‌ಗಳು ಅದನ್ನು ಸ್ವೀಕರಿಸುವುದಿಲ್ಲ. ಸೆಟ್ಟಿಂಗ್ಸ್‌ನ ಕ್ಯಾಮೆರಾ ವಿಭಾಗದಲ್ಲಿ ಫಾರ್ಮ್ಯಾಟ್ಸ್ ಎಂಬಲ್ಲಿ ‘ಮೋಸ್ಟ್ ಕಂಪ್ಯಾಟಿಬಲ್’ ಆರಿಸಿ ಪುನಃ ಚಿತ್ರ ತೆಗೆಯಲು ಹೇಳಿ.

ಮೂರನೆಯದು ಬೀಗ ಹಾಕಿದ ಪಿಡಿಎಫ್. ಇ-ಆಧಾರ್ ಡೌನ್‌ಲೋಡ್ ಮಾಡಿದಾಗ ಅದಕ್ಕೆ ಪಾಸ್‌ವರ್ಡ್ ಇರುತ್ತದೆ. ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರಗಳು ಮತ್ತು ಹುಟ್ಟಿದ ವರ್ಷ ಸೇರಿ ಆ ಪಾಸ್‌ವರ್ಡ್ ಆಗುತ್ತದೆ. ಬೀಗವಿರುವಂತೆಯೇ ಅಪ್‌ಲೋಡ್ ಮಾಡಿದರೆ ವೆಬ್‌ಸೈಟ್ ತಿರಸ್ಕರಿಸಬಹುದು, ಅಥವಾ ಸ್ವೀಕರಿಸಿದರೂ ಪರಿಶೀಲಿಸುವ ಅಧಿಕಾರಿಗೆ ತೆರೆಯಲಾಗದು. ಪಾಸ್‌ವರ್ಡ್ ಕೊಟ್ಟು ತೆರೆದು, ಪ್ರಿಂಟ್ ಒತ್ತಿ, ಪ್ರಿಂಟರಿನ ಬದಲು ‘ಸೇವ್ ಆ್ಯಸ್ ಪಿಡಿಎಫ್’ ಆರಿಸಿದರೆ ಬೀಗವಿಲ್ಲದ ಪ್ರತಿ ಸಿಗುತ್ತದೆ.

ನಾಲ್ಕನೆಯದು ಹೆಸರು. ಫೈಲಿನ ಹೆಸರಿನಲ್ಲಿ ಕನ್ನಡ ಅಕ್ಷರ, ಆವರಣ ಚಿಹ್ನೆ, ಖಾಲಿ ಜಾಗ ಇದ್ದರೆ ಕೆಲವು ವೆಬ್‌ಸೈಟ್‌ಗಳು ಮುಗ್ಗರಿಸುತ್ತವೆ. ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳಲ್ಲಿ ಚಿಕ್ಕ ಹೆಸರು ಕೊಡಿ.

ಇಷ್ಟಾದರೂ ಆಗದಿದ್ದರೆ ಆಗ ಮಾತ್ರ ಇಂಟರ್‌ನೆಟ್ ಕಡೆ ನೋಡಿ. ವೀಡಿಯೊ ಚೆನ್ನಾಗಿ ಓಡುತ್ತದೆ ಎಂದ ಮಾತ್ರಕ್ಕೆ ಅಪ್‌ಲೋಡ್ ಆಗಬೇಕೆಂದಿಲ್ಲ. ನಮ್ಮಲ್ಲಿಗೆ ಬರುವ ವೇಗಕ್ಕಿಂತ ನಮ್ಮಿಂದ ಹೋಗುವ ವೇಗ ಮೊಬೈಲಿನಲ್ಲಿ ಸಾಮಾನ್ಯವಾಗಿ ಕಡಿಮೆ. ಅರ್ಜಿ ತೆರೆದಿಟ್ಟು ಅಡುಗೆಗೆ ಹೋಗಿ ಬಂದರೆ ಸಮಯ ಮುಗಿದು ಲಾಗಿನ್ ತಾನಾಗಿ ರದ್ದಾಗಿರುತ್ತದೆ. ಮತ್ತೆ ಲಾಗಿನ್ ಆಗಿ, ಬೇರೆ ಬ್ರೌಸರಿನಲ್ಲಿ, ಬೆಳಗಿನ ಜಾವ ಫಜ್ರ್ ನಮಾಝ್‌ನ ಬಳಿಕ ಪ್ರಯತ್ನಿಸಿ. ಆಗ ಜನಸಂದಣಿ ಕಡಿಮೆ. ಕೊನೆಯ ದಿನವಾದರೆ ಎಲ್ಲರೂ ಒಂದೇ ಬಾಗಿಲಲ್ಲಿ ನುಗ್ಗುತ್ತಿರುತ್ತಾರೆ.

ಇನ್ನೊಂದು ಮುಖ್ಯ ಮಾತು. ಅಪ್‌ಲೋಡ್ ಆಗಲಿಲ್ಲವೆಂಬ ಗಡಿಬಿಡಿಯಲ್ಲಿ ಮಗಳ ಫೋಟೋ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಎಲ್ಲವನ್ನೂ ಪರಿಚಯವಿಲ್ಲದವರ ವಾಟ್ಸಾಪ್‌ಗೆ ಕಳುಹಿಸುವ ಸಹೋದರಿಯರಿದ್ದಾರೆ. ಗಾತ್ರ ಕುಗ್ಗಿಸಿಕೊಡುವ ಗೊತ್ತಿಲ್ಲದ ವೆಬ್‌ಸೈಟ್‌ಗಳಿಗೆ ಹಾಕುವವರೂ ಇದ್ದಾರೆ. ಮನೆಯವರ ದಾಖಲೆಗಳು ನಮ್ಮ ಕೈಯಲ್ಲಿರುವ ಅಮಾನತ್. ಅಮಾನತನ್ನು ಕಾಪಾಡಲು ದೀನ್ ನಮಗೆ ಕಲಿಸಿದೆ. ಸೈಬರ್ ಸೆಂಟರಿಗೆ ಹೋಗಲೇಬೇಕಾದರೆ ನಿಮ್ಮದೇ ಪೆನ್‌ಡ್ರೈವ್ ಒಯ್ಯಿರಿ. ಕೆಲಸ ಮುಗಿದ ಮೇಲೆ ಅಲ್ಲಿನ ಕಂಪ್ಯೂಟರಿನ ಡೌನ್‌ಲೋಡ್ಸ್ ಮತ್ತು ರೀಸೈಕಲ್ ಬಿನ್‌ನಿಂದ ಫೈಲುಗಳನ್ನು ಅಳಿಸಿ, ಲಾಗೌಟ್ ಮಾಡಿಯೇ ಏಳಿ. ಓಟಿಪಿಯನ್ನು ನೀವೇ ಒತ್ತಿ, ಗಟ್ಟಿಯಾಗಿ ಓದಿ ಹೇಳಬೇಡಿ. ಆಧಾರ್ ಪ್ರತಿಯನ್ನು ಬೇರೆಯವರಿಗೆ ಕೊಡಬೇಕಾದಲ್ಲಿ, ಒಪ್ಪುವುದಾದರೆ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ.

ಫೈಲ್ ಅಪ್‌ಲೋಡ್ ಆಯಿತೆಂದರೆ ಅರ್ಜಿ ಸಲ್ಲಿಕೆಯಾಯಿತು ಎಂದಲ್ಲ. ಹಾಕಿದ ಪ್ರತಿ ಫೈಲನ್ನೂ ತೆರೆದು ನೋಡಿ, ಸಬ್ಮಿಟ್ ಒತ್ತಿ, ಅರ್ಜಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ರಾಷ್ಟ್ರೀಯ ವಿದ್ಯಾರ್ಥಿ ವೇತನ ಪೋರ್ಟಲಿನಲ್ಲಿ ಸಲ್ಲಿಸಿದ ಅರ್ಜಿಯನ್ನು ಶಾಲೆ ಅಥವಾ ಕಾಲೇಜಿನವರೂ ಪರಿಶೀಲಿಸಿ ಮುಂದೆ ಕಳುಹಿಸಬೇಕು. ಅಲ್ಲಿಯೂ ಒಮ್ಮೆ ವಿಚಾರಿಸಿ.

ಈ ವಾರ ಬಿಡುವು ಮಾಡಿಕೊಂಡು ಮಗಳನ್ನು ಪಕ್ಕದಲ್ಲಿ ಕುಳ್ಳಿರಿಸಿ, ಮನೆಯವರೆಲ್ಲರ ಫೋಟೋ, ಸಹಿ, ಪ್ರಮಾಣಪತ್ರಗಳನ್ನು 200 ಕೆಬಿಯೊಳಗೆ ಸಿದ್ಧಪಡಿಸಿ ಒಂದು ಫೋಲ್ಡರಿನಲ್ಲಿ ಇಡಿ. ಮುಂದಿನ ಅರ್ಜಿ ಬಂದಾಗ ನೆರೆಮನೆಯ ಸಹೋದರಿಗೂ ನೀವೇ ನೆರವಾಗುವಿರಿ, ಇನ್‌ಶಾ ಅಲ್ಲಾಹ್.