ಕೂರಲು ಒಂದು ಸ್ಟೂಲ್ ಕೊಡಿ

ಅಂಬಲಪಾಡಿಯ ಜನಾರ್ದನ ಮಹಾಕಾಳಿಗೆ ಕೈಮುಗಿದು ಅಂಗಡಿ ಬಾಗಿಲು ತೆಗೆಯುವ ಧಣಿಗಳೇ, ಆಫೀಸುಗಳ ಮ್ಯಾನೇಜರುಗಳೇ, ನಿಮ್ಮಲ್ಲಿ ದುಡಿದು ವಯಸ್ಸಾದ ಹೆಂಗಸರ ಪರವಾಗಿ ಒಂದು ಮಾತು.

2025ರ ಕೊನೆಯಲ್ಲಿ ರಾಜ್ಯ ಸರ್ಕಾರ 18ರಿಂದ 52 ವರ್ಷದ ಮಹಿಳಾ ನೌಕರರಿಗೆ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನ ಸಂಬಳ ಸಹಿತ ಮುಟ್ಟಿನ ರಜೆ ಕೊಟ್ಟಿತು. ಖಾಸಗಿಯವರೂ ಕೊಡಬೇಕು, ವೈದ್ಯರ ಚೀಟಿ ಕೇಳುವಂತಿಲ್ಲ. ಒಳ್ಳೆಯ ಆದೇಶವೇ. (ಅದನ್ನೂ ಪ್ರಶ್ನಿಸಿ ಹೈಕೋರ್ಟಿನ ಮೆಟ್ಟಿಲು ಹತ್ತಿದವರಿದ್ದಾರೆ!) ಆದರೆ ಮುಟ್ಟು ನಿಲ್ಲುವವಳ ಪಾಡೇನು? ನಮ್ಮ ದೇಶದಲ್ಲಿ ಸರಾಸರಿ 46–47ಕ್ಕೇ ಅದು ನಿಲ್ಲುತ್ತದೆ. ತೊಂದರೆ ಅದಕ್ಕೂ ಕೆಲವು ವರ್ಷ ಮೊದಲೇ ಶುರು. ಗರ್ಭಕೋಶದ ಜತೆ ಅಂಡಾಶಯವನ್ನೂ ತೆಗೆಸಿಕೊಂಡವಳಿಗೆ ಮೂವತ್ತೆಂಟಕ್ಕೇ ಬರಬಹುದು.

ಏಪ್ರಿಲ್ ಮಧ್ಯಾಹ್ನ ಉಡುಪಿಯ ಯಾವುದಾದರೂ ಸೀರೆ ಅಂಗಡಿಗೆ ಹೋಗಿ ನೋಡಿ. ಐವತ್ತರ ಹತ್ತಿರದ ಅಕ್ಕ ನಲವತ್ತನೇ ಸೀರೆ ಬಿಚ್ಚುತ್ತಿರುತ್ತಾಳೆ. ಇದ್ದಕ್ಕಿದ್ದಂತೆ ಎದೆಯಿಂದ ಮುಖಕ್ಕೆ ಬಿಸಿ ಏರುತ್ತದೆ, ರವಿಕೆಯ ಬೆನ್ನು ಒದ್ದೆ. ಈಸ್ಟ್ರೋಜನ್ ಇಳಿದಾಗ ಮೈಯ ಬಿಸಿ ಕಾಯುವ ಮೆದುಳಿನ ಕೇಂದ್ರ ಸಣ್ಣ ಕಾರಣಕ್ಕೂ ಗಾಬರಿ ಬೀಳುತ್ತದೆ. ಅದೇ ಈ ಸೆಕೆ. ನಾಲ್ಕೈದು ನಿಮಿಷದಲ್ಲಿ ಇಳಿದೀತು. ಆ ನಾಲ್ಕೈದು ನಿಮಿಷ ಕೂರಲು ಜಾಗವಿಲ್ಲ. ರಾತ್ರಿ ಬೆವರಿ ಎದ್ದು ನಿದ್ದೆಗೆಟ್ಟವಳು ಬೆಳಿಗ್ಗೆ ಬಿಲ್ಲಿನಲ್ಲಿ ತಪ್ಪು ಮಾಡಿದರೆ, "ಅಕ್ಕನಿಗೆ ವಯಸ್ಸಾಯ್ತು ಮಾರಾಯ್ರೆ" ಎಂದು ನಗು. ಕೆಲವರಿಗೆ ಇದು ಏಳೆಂಟು ವರ್ಷ ಬಿಡುವುದಿಲ್ಲ.

ಕಾರ್ಕಳದ ಗೇರುಬೀಜ ಕಾರ್ಖಾನೆಯ ಬಿಸಿ ಇನ್ನೊಂದು ತೆರ. ಮನೆಯಲ್ಲಿ ಕೂತು ಸಾವಿರದ ಲೆಕ್ಕದಲ್ಲಿ ಬೀಡಿ ಕಟ್ಟುವವಳಿಗಂತೂ ಕಟ್ಟದ ದಿನ ಕಾಸಿಲ್ಲ; ಅವಳಿಗೆ ಯಾವ ರಜೆ?

ಪಕ್ಕದ ಕೇರಳದಲ್ಲಿ ಜವಳಿ ಅಂಗಡಿಯ ಹೆಂಗಸರು ಹೋರಾಡಿ 2018ರಲ್ಲಿ ಕೂರುವ ಹಕ್ಕನ್ನು ಕಾನೂನಾಗಿಸಿದರು. 2021ರಲ್ಲಿ ತಮಿಳುನಾಡೂ ಮಾಡಿತು. ಸ್ಟೂಲ್ ಇಡಲು ನಮಗೂ ಕಾನೂನೇ ಬರಬೇಕೆ? ಫ್ಯಾನು, ಕುಡಿಯುವ ನೀರು, ಕೇಳದೆ ಟಾಯ್ಲೆಟ್ಟಿಗೆ ಹೋಗುವ ಸ್ವಾತಂತ್ರ್ಯ: ಇದಕ್ಕೆಷ್ಟು ಖರ್ಚು? ಆಸ್ಪತ್ರೆಯವರು ನಿದ್ದೆಗೆಟ್ಟ ಹಿರಿಯ ನರ್ಸಿಗೆ ಕೆಲವು ತಿಂಗಳು ನೈಟ್ ಡ್ಯೂಟಿ ಬದಲಿಸಿಕೊಡಲಿ. 1953ರಿಂದ ಮೆಡಿಕಲ್ ಕಾಲೇಜು ಇರುವ ಮಣಿಪಾಲ ಮಗ್ಗುಲಲ್ಲೇ ಇದೆ. ಸ್ತ್ರೀರೋಗ ತಜ್ಞೆಯೊಬ್ಬರನ್ನು ಕರೆಸಿ, ಗಂಡಸರನ್ನೂ ಕೂರಿಸಿ, ಒಂದು ಗಂಟೆ ಮಾತಾಡಿಸಿ. ಚಿಕಿತ್ಸೆ ಇದೆ ಎಂಬುದೂ, ಮುಟ್ಟು ನಿಂತು ವರ್ಷ ಕಳೆದ ಮೇಲೆ ಮತ್ತೆ ರಕ್ತ ಕಂಡರೆ ತಡಮಾಡದೆ ತೋರಿಸಬೇಕೆಂಬುದೂ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಗಿರಾಕಿಗಳಿಗೂ ಒಂದು ಮಾತು: ಕುಳಿತು ಸೀರೆ ತೋರಿಸಿದವಳ ಮೇಲೆ ಧಣಿಗೆ ದೂರು ಹೇಳಬೇಡಿ. ಅವಳಿಗೆ ಸ್ಟೂಲ್ ಇಲ್ಲದಿದ್ದರೆ, ಅದನ್ನು ದೂರಿ.